ನಡುಗೆರೆಯ ಹುಲ್ಲು

ಸೆಪ್ಟೆಂಬರಿನಲ್ಲಿ ಬ್ರೊದ್ನಾದ ಮೈದಾನದ ಗೇಟಿಗೆ ಹೊಸ ಬೀಗ ಬಿತ್ತು. ಕೀಲಿ ಒಂದೇ, ಅದು ವಲೇರಿಯನ್‌ನ ಕೋಟಿನ ಒಳಜೇಬಿನಲ್ಲಿ. ಮೂವತ್ತೊಂದು ವರ್ಷ ಆ ಮೈದಾನದ ಹುಲ್ಲು ಕತ್ತರಿಸಿ, ಗೆರೆಗಳಿಗೆ ಸುಣ್ಣ ಎಳೆದು, ಯಾರ ಕಣ್ಣಿಗೂ ಬೀಳದೆ ಬದುಕಿದ್ದ ಮನುಷ್ಯ ಒಂದೇ ದಿನದಲ್ಲಿ ಇಡೀ ಊರಿಗೆ ಬೇಕಾದವನಾದ.

ಕಾರಣ, ಮುಂದಿನ ಜೂನ್. ಯುರೋಪಿನ ದೊಡ್ಡ ಫುಟ್‌ಬಾಲ್ ಪಂದ್ಯಾವಳಿ ನಮ್ಮ ಪೋಲೆಂಡಿಗೇ ಬರುವುದಿತ್ತು. ಪಂದ್ಯಗಳೇನೋ ದೊಡ್ಡ ನಗರಗಳಲ್ಲಿ. ಆದರೆ ಹೊರದೇಶದ ತಂಡಗಳು ಉಳಿದುಕೊಂಡು ಅಭ್ಯಾಸ ಮಾಡುವುದಕ್ಕೆ ಚಿಕ್ಕ ಊರುಗಳನ್ನು ಹುಡುಕುತ್ತಿದ್ದವು. ಉತ್ತರದ ಒಂದು ದೇಶದವರು ಆಗಸ್ಟಿನಲ್ಲಿ ಬ್ರೊದ್ನಾಕ್ಕೆ ಬಂದು ನೋಡಿ, ನಮ್ಮ ಪಟ್ಟಿಯಲ್ಲಿ ಮೂರು ಊರು ಉಳಿದಿವೆ, ನಿಮ್ಮದೂ ಒಂದು ಎಂದು ಹೇಳಿ ಹೋದರು. ಹೋಗುವಾಗ ಅವರಲ್ಲೊಬ್ಬ ಬಗ್ಗಿ ಹುಲ್ಲನ್ನು ಅಂಗೈಯಲ್ಲಿ ಸವರಿ, ಇಂಥದ್ದನ್ನು ನಿಮ್ಮ ರಾಜಧಾನಿಯಲ್ಲೂ ನೋಡಲಿಲ್ಲ ಎಂದ. ಅವನು ಮೂರೂ ಊರಿನಲ್ಲಿ ಹಾಗೇ ಹೇಳಿರಬಹುದು ಎಂದು ನಮಗ್ಯಾರಿಗೂ ಹೊಳೆಯಲಿಲ್ಲ. ಹೊಳೆಯುವಷ್ಟು ಬುದ್ಧಿ ಉಳಿದಿದ್ದರೆ ತಾನೇ.

ಗಾಜಿನ ಕಾರ್ಖಾನೆ ಮುಚ್ಚಿ ಹನ್ನೊಂದು ವರ್ಷವಾಗಿದ್ದ ಊರು ಅದು. ಮೇಯರ್ ವೊಯ್ನಾರ್ ಸಭೆ ಕರೆದು, ತಂಡದ ಬೆನ್ನಿಗೆ ಸಾವಿರಾರು ಅಭಿಮಾನಿಗಳು ಬರುತ್ತಾರೆ, ಅವರು ತಿನ್ನಬೇಕು, ಕುಡಿಯಬೇಕು, ಮಲಗಬೇಕು, ಎಲ್ಲವೂ ನಮ್ಮಲ್ಲೇ ಎಂದಾಗ ಜನ ಎದ್ದು ಕುಣಿಯುವುದೊಂದು ಬಾಕಿ. ಬೇಕರಿಯ ಕಜಿಮಿರಾ ಮಹಡಿಯ ಎರಡು ಕೋಣೆಗಳಿಗೆ ಹಳದಿ ಬಣ್ಣ ಹೊಡೆಸಿ, ತನಗೇ ಓದಲು ಬಾರದ ಭಾಷೆಯಲ್ಲಿ ‘ಕೋಣೆ ಖಾಲಿ ಇದೆ’ ಎಂಬ ಬೋರ್ಡು ತೂಗುಹಾಕಿದಳು. ಕ್ಷೌರದಂಗಡಿಯವನು ಆ ದೇಶದ ಹತ್ತು ಮಾತು ಕಲಿತು, ಗಿರಾಕಿಯ ಕುತ್ತಿಗೆಯ ಮೇಲೆ ಕತ್ತಿ ಇಟ್ಟುಕೊಂಡೇ ಅವನ್ನು ಒಪ್ಪಿಸುತ್ತಿದ್ದ.

“ಕೋಣೆ, ಬೋರ್ಡು ಎಲ್ಲ ಆಮೇಲಿನ ಮಾತು. ಅವರು ಮೆಚ್ಚಿರೋದು ನಿನ್ನ ಹುಲ್ಲನ್ನ,” ಎಂದ ಮೇಯರ್, ವಲೇರಿಯನ್‌ನ ಹೆಗಲ ಮೇಲೆ ಕೈಹಾಕಿ. “ಜೂನ್ ತನಕ ಒಂದು ಕಾಲೂ ಒಳಗೆ ಬೀಳಬಾರದು. ನಮ್ಮ ಹುಡುಗರದ್ದೂ ಸೇರಿ.”

ಮೂವತ್ತೊಂದು ವರ್ಷದಲ್ಲಿ ಯಾವ ಮೇಯರನೂ ಅವನ ಹೆಗಲು ಮುಟ್ಟಿರಲಿಲ್ಲ. ವಲೇರಿಯನ್ ಆ ರಾತ್ರಿ ಹೆಂಡತಿಗೆ ಅದನ್ನು ಎರಡು ಸಲ ಹೇಳಿದ.

ಹೀಗೆ ನಮ್ಮ ಕ್ಲಬ್ಬು ಇಸ್ಕ್ರಾ ತನ್ನ ತವರಿನ ಪಂದ್ಯಗಳನ್ನು ಇಪ್ಪತ್ತೈದು ಕಿಲೋಮೀಟರ್ ದೂರದ ಗ್ರಾಬೊವಾದಲ್ಲಿ ಆಡಬೇಕಾಯಿತು. ಗ್ರಾಬೊವಾ ಅಂದರೆ ನಮಗೆ ಹುಟ್ಟಿದಾಗಿನಿಂದ ಆಗದ ಊರು. ಅಲ್ಲಿಯವರು ಮೈದಾನ ಬಾಡಿಗೆಗೆ ಕೊಟ್ಟು, ನಮ್ಮ ಹುಡುಗರು ಸೋತಾಗಲೆಲ್ಲ ಬೇಲಿಯಾಚೆ ನಿಂತು ಚಪ್ಪಾಳೆ ಹೊಡೆದರು. ಹುಡುಗರು ಸೋತದ್ದೂ ಕಡಿಮೆಯೇನಲ್ಲ.

ಇದನ್ನು ಎಲ್ಲರೂ ನುಂಗಿಕೊಂಡರು, ಅಲೋಯ್ಜಿ ಒಬ್ಬನನ್ನು ಬಿಟ್ಟು. ನಲವತ್ತೊಂದು ವರ್ಷ ಇಸ್ಕ್ರಾದ ಒಂದೂ ತವರಿನ ಪಂದ್ಯ ತಪ್ಪಿಸದೆ ನಗಾರಿ ಬಾರಿಸಿದವನು ಅವನು. ಮದುವೆಯ ದಿನವೂ ಚರ್ಚಿನಿಂದ ನೇರ ಮೈದಾನಕ್ಕೆ ಬಂದಿದ್ದ; ಹೆಂಡತಿ ಗೇನ್ಯಾ ಬಿಳಿ ಉಡುಪಿನಲ್ಲೇ ಅರ್ಧ ಪಂದ್ಯ ನೋಡಿದ್ದಳು. ವಲೇರಿಯನ್‌ಗೆ ಶಾಲೆಯ ಬೆಂಚಿನಿಂದಲೂ ಗೆಳೆಯ, ಅವನನ್ನು ವಾಲೆಕ್ ಎಂದೇ ಕರೆಯುತ್ತಿದ್ದವನು. ಕಾರ್ಖಾನೆಯಲ್ಲಿ ಗಾಜು ಊದಿ ಊದಿ ಅಲೋಯ್ಜಿಯ ಶ್ವಾಸಕೋಶ ಕೈಕೊಟ್ಟಿತ್ತು. ಗ್ರಾಬೊವಾದ ಬಸ್ಸು ಹತ್ತುವುದಿರಲಿ, ಮನೆಯಿಂದ ಮೈದಾನಕ್ಕೆ ಬರಲು ಅವನಿಗೆ ನಾಲ್ಕು ಕಡೆ ನಿಲ್ಲಬೇಕಿತ್ತು.

ಅಕ್ಟೋಬರಿನ ಒಂದು ಬೆಳಗ್ಗೆ ಹಾಗೇ ನಿಂತು ನಿಂತು ಬಂದು ಗೇಟಿನ ಸರಳು ಹಿಡಿದುಕೊಂಡ. ಒಳಗೆ ವಲೇರಿಯನ್ ಮುಳ್ಳುಗೋಲಿನಿಂದ ಹುಲ್ಲಿಗೆ ಗಾಳಿಯಾಡಲೆಂದು ತೂತು ಚುಚ್ಚುತ್ತಿದ್ದ.

“ವಾಲೆಕ್, ಇಲ್ಲಿ ಬಾರೋ. ನಿನ್ ಹುಲ್ಲುರಾಣಿ ಏನೂ ಓಡಿಹೋಗಲ್ಲ.”

“ಏನೋ? ಈ ಚಳೀಲಿ ಯಾಕೆ ಬಂದೆ?”

“ಒಂದೇ ಒಂದು ಮ್ಯಾಚು, ಮಾರಾಯ. ಹಿಮ ಬೀಳೋಕೆ ಮುಂಚೆ. ಹುಡುಗರು ಇಲ್ಲಿ ಆಡಲಿ. ನಾನು ಕೂತ್ಕೊಂಡೇ ಬಾರಿಸ್ತೀನಿ.”

“ಆಗಲ್ಲ ಕಣೋ. ಇಪ್ಪತ್ತೆರಡು ಜನ ಮೊಳೆಬೂಟು ಹಾಕ್ಕೊಂಡು ಓಡಿದ್ರೆ ಚಳಿಗಾಲದೊಳಗೆ ಮಾಯೋದೇ ಇಲ್ಲ. ಜೂನ್ ಕಳೀಲಿ. ಆಮೇಲೆ ಎಷ್ಟು ಮ್ಯಾಚು ಬೇಕೋ ನೋಡು.”

ಅಲೋಯ್ಜಿ ನಕ್ಕ, ನಗು ಕೆಮ್ಮಾಗಿ ತಿರುಗಿ ಬಹಳ ಹೊತ್ತು ಹಿಡಿಯಿತು. “ಜೂನಾ,” ಎಂದ ಕೊನೆಗೆ. “ನಿನ್ ಜೂನಿಗೆ ನಾನು ಸಿಗ್ತೀನಾ, ಕೇಳ್ಕೋ ಡಾಕ್ಟರನ್ನ.”

“ಅಪಶಕುನದ ಮಾತಾಡಬೇಡ. ನಡಿ, ಮನೆ ತನಕ ಬಿಟ್ಟು ಬರ್ತೀನಿ.”

ದಾರಿಯುದ್ದಕ್ಕೂ ವಲೇರಿಯನ್ ಅವನ ತೋಳು ಹಿಡಿದು ನಡೆಸಿದ. ಒಳಗೊಳಗೇ ಚುಚ್ಚುತ್ತಿತ್ತು. ಆದರೆ ಇಡೀ ಊರಿನ ಅನ್ನ ತನ್ನ ಹುಲ್ಲಿನ ಮೇಲೆ ನಿಂತಿದೆ, ಒಬ್ಬ ಗೆಳೆಯನಿಗಾಗಿ ಅದನ್ನು ಹಾಳುಮಾಡುವುದು ಹೇಗೆ ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡಾಗ ಸಮಾಧಾನವಾಯಿತು. ಸ್ವಲ್ಪ ಹೆಮ್ಮೆಯೂ ಆಯಿತು.

ಚಳಿಗಾಲವಿಡೀ ಅವನು ಹಸುಗೂಸನ್ನು ನೋಡಿಕೊಂಡಂತೆ ಮೈದಾನ ನೋಡಿಕೊಂಡ. ಹಿಮದಡಿಯಲ್ಲಿ ಹುಲ್ಲು ಕೊಳೆಯದಿರಲೆಂದು ಬೆಳಗಾದರೆ ಸಲಿಕೆ ಹಿಡಿದು ಹೋಗುತ್ತಿದ್ದ. ಬೀದಿಯಲ್ಲಿ ಸಿಕ್ಕವರೆಲ್ಲ, ಹುಲ್ಲು ಹೇಗಿದೆ ವಲೇರಿಯನ್ ಎಂದು ಕೇಳುತ್ತಿದ್ದರು. ಕಜಿಮಿರಾ ಅವನಿಗೆ ಗಸಗಸೆ ಕೇಕಿನ ತುಂಡನ್ನು ಸುಮ್ಮನೆ ಕಟ್ಟಿಕೊಡುತ್ತಿದ್ದಳು. ಜನವರಿಯಲ್ಲಿ ಅಲೋಯ್ಜಿಯನ್ನು ಆಸ್ಪತ್ರೆಗೆ ಸೇರಿಸಿದಾಗ ವಲೇರಿಯನ್ ಒಮ್ಮೆ ಹೋಗಿ ನೋಡಿ ಬಂದ. ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದ ಗೆಳೆಯನೂ, ಹುಲ್ಲು ಹೇಗಿದೆ ಎಂದೇ ಕೇಳಿದ. ಮ್ಯಾಚಿನ ಮಾತು ಎತ್ತಲಿಲ್ಲ. ಅದಾದ ಮೇಲೆ ವಲೇರಿಯನ್‌ಗೆ ಎರಡನೇ ಸಲ ಹೋಗಲು ಪುರಸೊತ್ತು ಆಗಲಿಲ್ಲ. ಅವನು ಹೇಳಿದ್ದು ಹಾಗೆ.

ಅಲೋಯ್ಜಿ ತೀರಿಕೊಂಡದ್ದು ಮಾರ್ಚಿನಲ್ಲಿ, ಹಿಮ ಕರಗಿ ನೆಲವೆಲ್ಲ ಮೆತ್ತಗಾದ ವಾರ. ಉತ್ತರದವರು ಕಡೆಯ ಸಲ ನೋಡಿ ತೀರ್ಮಾನಿಸಲು ಬರುವುದು ಗುರುವಾರ, ಶವಸಂಸ್ಕಾರ ಮಂಗಳವಾರ.

ನಮ್ಮಲ್ಲಿ ಕ್ಲಬ್ಬಿಗಾಗಿ ಜೀವ ತೇಯ್ದವರು ಸತ್ತರೆ ಒಂದು ಪದ್ಧತಿ ಇದೆ. ಚರ್ಚಿನಿಂದ ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ಪೆಟ್ಟಿಗೆಯನ್ನು ಮೈದಾನದೊಳಗೆ ಒಯ್ದು, ನಡುಗೆರೆಯ ಮೇಲೆ ಒಂದು ನಿಮಿಷ ಇಳಿಸುತ್ತಾರೆ. ಯಾರೂ ಭಾಷಣ ಮಾಡುವುದಿಲ್ಲ. ಆಮೇಲೆ ಎತ್ತಿಕೊಂಡು ಹೋಗುತ್ತಾರೆ. ವಲೇರಿಯನ್‌ನ ಅಪ್ಪನನ್ನೂ ಹಾಗೇ ಇಳಿಸಿದ್ದರು.

ಅವನು ಚರ್ಚಿಗೆ ಹೋಗಿದ್ದ. ಪ್ರಾರ್ಥನೆ ಮುಗಿಯುವ ಮುಂಚೆ ಎದ್ದು ಬಂದು ಗೇಟಿನ ಒಳಗೆ ನಿಂತುಕೊಂಡ. ಪೆಟ್ಟಿಗೆ ಹೊತ್ತದ್ದು ಇಸ್ಕ್ರಾದ ಆರು ಹುಡುಗರು, ಹಿಂದೆ ಗೇನ್ಯಾ, ಪಾದ್ರಿ, ಅರ್ಧ ಊರು. ಗೇಟಿನ ಮುಂದೆ ಬಂದು ನಿಂತರು. ಬೀಗ ಹಾಗೇ ಇತ್ತು.

“ತೆಗಿ, ವಾಲೆಕ್,” ಎಂದಳು ಗೇನ್ಯಾ.

“ಗೇನ್ಯಾ, ನೆಲ ಕೆಸರಾಗಿದೆ. ಇಷ್ಟು ಜನ, ಇಷ್ಟು ಭಾರ. ಒಂದೊಂದು ಹೆಜ್ಜೆಗೂ ಗುಂಡಿ ಬೀಳತ್ತೆ. ನಾಡಿದ್ದೇ ಅವರು ಬರ್ತಾರೆ.”

“ಜನ ಬೇಡ. ಹೊತ್ತಿರೋ ಹುಡುಗರು ಮಾತ್ರ ಬರಲಿ.”

“ಅವರದ್ದೂ ಹೆಜ್ಜೆ ಮೂಡತ್ತೆ. ನಡುಗೆರೆ ಹತ್ರಾನೇ ಎಲ್ಲಕ್ಕಿಂತ ಮೆತ್ತಗಿರೋದು.”

“ಬೂಟು ಬಿಚ್ಚಿ ಬರ್ತೀವಿ,” ಎಂದ ಮುಂದಿನ ಹುಡುಗ. ಭಾರಕ್ಕೆ ಅವನ ಹೆಗಲು ನಡುಗುತ್ತಿತ್ತು.

ವಲೇರಿಯನ್ ಗುಂಪಿನಲ್ಲಿ ಮೇಯರನನ್ನು ಹುಡುಕಿದ. ಬಿಡಪ್ಪಾ, ತೆಗಿ ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೇಯರ್ ಹಿಂದಿನ ಸಾಲಿನಲ್ಲಿ ಟೋಪಿ ಕೈಯಲ್ಲಿ ಹಿಡಿದು, ತನ್ನ ಬೂಟಿನ ತುದಿಯನ್ನೇ ನೋಡುತ್ತಿದ್ದ. ಬೇಕರಿ, ಕ್ಷೌರದಂಗಡಿ, ಬಣ್ಣ ಹೊಡೆದ ಮನೆಗಳವರು ಎಲ್ಲರೂ ಅಲ್ಲಿದ್ದರು; ಒಬ್ಬರೂ ಬಾಯಿ ಬಿಡಲಿಲ್ಲ. ತೆಗೆಯಬೇಡ ಎಂದು ಹೇಳುವ ಧೈರ್ಯ ಅವರಿಗಿರಲಿಲ್ಲ, ತೆಗಿ ಎನ್ನುವ ಮನಸ್ಸೂ ಇರಲಿಲ್ಲ. ಪಾಪದ ಹೊರೆಯನ್ನೆಲ್ಲ ವಲೇರಿಯನ್‌ನ ತಲೆಗೆ ಕಟ್ಟಿ ತಾವು ಹಗುರಾಗಿ ನಿಂತಿದ್ದರು. ಇದನ್ನು ಹೇಳುವ ನಾನೂ ಅದೇ ಗುಂಪಿನಲ್ಲಿದ್ದೆ, ಸುಳ್ಳೇಕೆ.

“ಆಗಲ್ಲ, ಗೇನ್ಯಾ,” ಎಂದ ವಲೇರಿಯನ್. ಅವನ ಕೈ ಒಳಜೇಬಿನ ತನಕ ಹೋಗಿತ್ತು. ಬರಿಗೈ ಈಚೆ ಬಂತು. “ತಪ್ಪು ತಿಳ್ಕೋಬೇಡ. ಇದು ಊರಿಗೋಸ್ಕರ.”

ಹುಡುಗರು ಪೆಟ್ಟಿಗೆಯನ್ನು ಗೇಟಿನ ಹೊರಗೆ, ಕಾರು ನಿಲ್ಲಿಸುವ ಡಾಂಬರಿನ ಮೇಲೆ ಇಳಿಸಿದರು. ಒಂದು ನಿಮಿಷ ನಿಂತು, ಎತ್ತಿಕೊಂಡು ಹೋದರು. ವಲೇರಿಯನ್ ಹಿಂದೆ ಹೋಗಲಿಲ್ಲ. ಸರಳಿನಾಚೆ ನಿಂತು ಜನರ ಬೆನ್ನು ನೋಡಿದ.

ಗುರುವಾರ ಉತ್ತರದವರು ಬಂದರು. ಮೂವರು, ಜೊತೆಗೊಬ್ಬ ದುಭಾಷಿ. ತಂಡ ಉಳಿಯಬೇಕಿದ್ದ ಊರಿನ ಹೋಟೆಲಿನಲ್ಲಿ ಎರಡು ಗಂಟೆ ಕಳೆದರು. ಹಾಸಿಗೆಯ ಉದ್ದ ಅಳೆದರು, ವಿಮಾನ ನಿಲ್ದಾಣಕ್ಕೆ ಎಷ್ಟು ಹೊತ್ತು ಎಂದು ಮೂರು ಸಲ ಕೇಳಿದರು. ಮೈದಾನಕ್ಕೆ ಬಂದದ್ದು ಕಡೆಗೆ, ಹೊರಡುವ ಅವಸರದಲ್ಲಿ. ಆಗಸ್ಟಿನಲ್ಲಿ ಹುಲ್ಲು ಸವರಿದ್ದವನು ಈ ಸಲ ಬಂದಿರಲಿಲ್ಲ. ವಲೇರಿಯನ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗೇಟನ್ನು ಪೂರ್ತಿ ತೆರೆದಿಟ್ಟು ಕಾಯುತ್ತಿದ್ದ. ಅವರು ಅಂಚಿನಲ್ಲೇ ನಿಂತು ಫೋಟೋ ತೆಗೆದುಕೊಂಡರು.

“ಒಳಗೆ ಬನ್ನಿ ಅನ್ನಿ ಅವರಿಗೆ. ನಡುವೆ ನಡೆದು ನೋಡಲಿ,” ಎಂದ ವಲೇರಿಯನ್ ದುಭಾಷಿಗೆ.

“ಬೇಡವಂತೆ. ಬೂಟು ಕೆಸರಾಗತ್ತಂತೆ. ಇಲ್ಲಿಂದಲೇ ಚೆನ್ನಾಗಿ ಕಾಣತ್ತಂತೆ.”

ಹತ್ತು ದಿನ ಕಳೆದ ಮೇಲೆ ಟೀವಿಯಲ್ಲಿ ಹೇಳಿದರು: ಆ ತಂಡ ಸಮುದ್ರದ ದಂಡೆಯ ಹೋಟೆಲೊಂದನ್ನು ಆರಿಸಿಕೊಂಡಿತ್ತು. ಮೈದಾನ ಬೇಕಿದ್ದರೆ ಹೊಸದಾಗಿ ಮಾಡಿಸಿಕೊಳ್ಳುತ್ತಾರಂತೆ. ಹುಲ್ಲನ್ನು ಚಾಪೆಯಂತೆ ಸುತ್ತಿ ಲಾರಿಯಲ್ಲಿ ತರಿಸಿ ಹಾಸಿದರೆ ಒಂದು ವಾರದ ಕೆಲಸ.

ಊರು ಒಂದು ವಾರ ಮೇಯರನನ್ನು ಬೈದು ಸುಸ್ತಾಯಿತು. ಕಜಿಮಿರಾ ಬೋರ್ಡು ಇಳಿಸಿ ಬ್ರೆಡ್ಡು ಬೇಯಿಸುವ ಒಲೆಗೆ ಹಾಕಿದಳು. ವಲೇರಿಯನ್‌ನನ್ನು ಯಾರೂ ಬೈಯಲಿಲ್ಲ. ಅವನು ಬೇಕರಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಅವಳು ಬ್ರೆಡ್ಡು ಕೊಟ್ಟು ಬೇರೆ ಕಡೆ ನೋಡುತ್ತಿದ್ದಳು. ಅವನನ್ನು ನೋಡಿದರೆ ನಮಗೆಲ್ಲ ಆ ಮಂಗಳವಾರ ನೆನಪಾಗುತ್ತಿತ್ತು. ಅದನ್ನು ಅವನೊಬ್ಬನ ತಪ್ಪಾಗಿ ಮಾಡಿಕೊಳ್ಳುವುದು ಎಲ್ಲರಿಗೂ ಅನುಕೂಲವಾಗಿತ್ತು.

ಏಪ್ರಿಲಿನಲ್ಲಿ ಮೇಯರ್ ಚೀಟಿ ಕಳಿಸಿದ, ಮೈದಾನ ತೆರೆಯಬಹುದು ಎಂದು. ಭಾನುವಾರ ಇಸ್ಕ್ರಾದ ಪಂದ್ಯ. ಶನಿವಾರ ಮಧ್ಯಾಹ್ನ ವಲೇರಿಯನ್ ಗೇನ್ಯಾಳ ಮನೆಯ ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದ. ಅವಳು ನೋಡಿದಳು, ಬಾ ಎನ್ನಲಿಲ್ಲ, ಬಾಗಿಲನ್ನು ಮುಚ್ಚಲೂ ಇಲ್ಲ. ಅಡುಗೆಮನೆಯಲ್ಲಿ ಕೂತ. ಅವಳು ಗಾಜಿನ ಲೋಟದಲ್ಲಿ ಚಹಾ ತಂದಿಟ್ಟಳು.

“ನಾಳೆ ಮ್ಯಾಚಿದೆ,” ಎಂದ ಅವನು. “ಶುರು ಆಗೋ ಮುಂಚೆ ಅಲೋಯ್ಜಿಗೋಸ್ಕರ ಒಂದು ನಿಮಿಷ ಎಲ್ಲ ಎದ್ದು ನಿಲ್ಲೋಣ ಅಂತ. ನೀನು ಬಂದ್ರೆ...”

“ನಾನು ಬರಲ್ಲ, ವಾಲೆಕ್.”

“ಕೋಪ ಇರತ್ತೆ. ಗೊತ್ತು.”

“ಕೋಪ ನಿನ್ನ ಮೇಲಲ್ಲ.” ಅವಳು ಎದುರಿಗೆ ಕೂತು ಮೇಜಿನ ಬಟ್ಟೆಯನ್ನು ಅಂಗೈಯಿಂದ ಉಜ್ಜಿ ಸರಿಮಾಡಿದಳು. “ಆಸ್ಪತ್ರೇಲಿ ಕೊನೇ ವಾರ ಅವನು ಹೇಳಿದ್ದ. ನನ್ನನ್ನ ಮೈದಾನದ ಕಡೆಗೆ ತಗೊಂಡು ಹೋಗಬೇಡಿ, ವಾಲೆಕ್ ಗೇಟು ತೆಗಿಯಲ್ಲ, ಅವನ್ನ ಎಲ್ಲರ ಮುಂದೆ ನಿಲ್ಸಿ ಕೆಟ್ಟವನ್ನ ಮಾಡಬೇಡಿ, ಸೀದಾ ಸ್ಮಶಾನಕ್ಕೆ ನಡೀರಿ ಅಂತ.”

ವಲೇರಿಯನ್ ಲೋಟದಿಂದ ಕಣ್ಣು ಎತ್ತಲಿಲ್ಲ.

“ನಾನು ಜಗಳ ಆಡ್ದೆ ಅವನ ಹತ್ರ,” ಎಂದಳು ಗೇನ್ಯಾ. “ಸಾಯೋ ಮನುಷ್ಯನ ಹತ್ರ ಜಗಳ. ಐವತ್ತು ವರ್ಷದ ಸ್ನೇಹ, ಇನ್ಯಾರಿಗೂ ತೆಗಿದೇ ಇದ್ರೂ ನಿನಗೆ ತೆಗೀತಾನೆ, ನಿನಗೆ ವಾಲೆಕ್ ಏನು ಅಂತಾನೇ ಗೊತ್ತಿಲ್ಲ ಅಂದೆ. ಅವನು ಸುಮ್ಮನಾಗಿಬಿಟ್ಟ. ಅವನ ಮಾತು ಮೀರಿ ನಾನೇ ಕರ್ಕೊಂಡು ಬಂದೆ, ನೀನು ತೆಗೀತೀಯ ಅಂತ ನಂಬ್ಕೊಂಡು.”

ಅವಳು ಸಕ್ಕರೆಯ ಬಟ್ಟಲನ್ನು ಅವನ ಕಡೆಗೆ ಸರಿಸಿದಳು.

“ಕುಡಿ, ಆರತ್ತೆ,” ಎಂದಳು.

ವಲೇರಿಯನ್ ಸಕ್ಕರೆ ಹಾಕಿಕೊಳ್ಳದೆ ಕುಡಿದ. ಕುಡಿಯದೆ ಎದ್ದು ಹೋಗುವುದಕ್ಕೂ ಅವನಿಗೆ ಮುಖವಿರಲಿಲ್ಲ.