ಮುಯ್ಯಿ ಸೈಕಲ್ಲು

ಹೂವಿನ ಹಿಪ್ಪರಗಿಯಲ್ಲಿ ಶಂಕ್ರೆವ್ವನ ಬಾಯಿ ಅಂದರೆ ಬಾಯಿ. ಮುಲಾಜಿಲ್ಲ, ಮುಚ್ಚುಮರೆಯಿಲ್ಲ. ಆ ಬಾಯಿಯಿಂದಲೇ ಸೈಕಲ್ ಸಂಘ ಹುಟ್ಟಿತು, ಆ ಬಾಯಿಯಿಂದಲೇ ಅದು ಬೀದಿಗೂ ಬಂತು.

ಊರ ಸುತ್ತಲಿನ ತೋಟದ ವಸ್ತಿಗಳಿಗೆ ಬಸ್ಸಿಲ್ಲ. ಅಲ್ಲಿನ ಹುಡುಗಿಯರು ನಡೆದು ಶಾಲೆಗೆ ಬರಬೇಕು, ಇಲ್ಲವೇ ಶಾಲೆ ಬಿಡಬೇಕು. ಇತ್ತ ಊರೊಳಗೆ ಮನೆಮನೆಯ ಹಿತ್ತಲಲ್ಲಿ ತುಕ್ಕು ಹಿಡಿದ ಸೈಕಲ್ಲುಗಳು ಕುಂಬಳದ ಬಳ್ಳಿ ಹಬ್ಬಿಸಿಕೊಂಡು ಬಿದ್ದಿದ್ದವು. ಶಂಕ್ರೆವ್ವ ಬೇಡಿ, ಬೈದು ಅವನ್ನೆಲ್ಲ ಕೂಡಿಹಾಕಿದಳು. ನಿವೃತ್ತ ಶಿಕ್ಷಕಿ ನಲಿನಿಬಾಯಿ ಜೊತೆಯಾದರು. ಪಂಕ್ಚರ್ ಅಂಗಡಿಯ ತಬ್ರೇಜ ಭಾನುವಾರ ಅಂಗಡಿ ಮುಚ್ಚಿ ಬಂದು ಎಲ್ಲರಿಗೂ ಕೆಲಸ ಕಲಿಸಿದ. ಯಾರಿಗೂ ಪಗಾರವಿಲ್ಲ, ಯಾವ ಸೈಕಲ್ಲಿಗೂ ಮಾಲೀಕರಿಲ್ಲ. ಹೊಲದ ಮುಯ್ಯಿಯ ಹಾಗೆ: ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಭಾನುವಾರ ಕೂತು ರಿಪೇರಿ ಮಾಡಿದವರಿಗೆ ವಾರವಿಡೀ ಒಂದು ಸೈಕಲ್ಲು. ನಿಯಮ ಒಂದೇ, ಹತ್ತುವವರ ಕೈಯೇ ರಿಪೇರಿ ಮಾಡಬೇಕು. ಅಡವಿಯಲ್ಲಿ ಚೈನು ಬಿದ್ದರೆ ಇನ್ನೊಬ್ಬರ ಕೈ ಜೊತೆಗೆ ಬರುವುದಿಲ್ಲವಲ್ಲ!

ಸಂಘ ಕೂಡುತ್ತಿದ್ದುದು ಪರಪ್ಪ ಸಾಹುಕಾರನ ಖಾಲಿ ಪತ್ರಾಸ್ ತಗಡಿನ ಶೆಡ್ಡಿನಲ್ಲಿ, ಅವನ ಮನೆಯ ಎದುರಿಗೇ. ಒಂದು ಭಾನುವಾರ ಅವನ ಆಳು ಸೋಮನಿಂಗ, ಸಾಹುಕಾರನ ಮೊಮ್ಮಗಳಿಗೆಂದು ಸಂಘದ ಸೈಕಲ್ಲೊಂದನ್ನು ಎಳೆದುಕೊಂಡು, ನಟ್ಟು ಬಿಚ್ಚುವ ಪಾನಾ ಹಿಡಿದು ಕೂತ.

“ಇದನ್ನ ನೀ ಹತ್ತಾಂವೇನು?” ಶಂಕ್ರೆವ್ವ ಕೇಳಿದಳು.

“ಇಲ್ಲ ಬೇ ಯವ್ವಾ. ಸಣ್ಣ ಅವ್ವಾರು ಹತ್ತತಾರ. ಅವರ ಬದ್ಲಿ ಸಾವ್ಕಾರ್ರು ನನ್ನ ಕಳಿಸ್ಯಾರ.”

“ಹಂಗಾದ್ರ ಈ ಕೈ ಯಾರವು?”

ಸೋಮನಿಂಗ ತನ್ನ ಕೈ ನೋಡಿಕೊಂಡ. “ಸಾವ್ಕಾರ್ರವು ಅನ್ನು.”

“ಪಾನಾ ಕೆಳಗಿಡು. ಆಳು ಮಾಡಿದ್ದು ಹಾಳು ಅಂತ ಹಿರ್ಯಾರು ಸುಮ್ಮನ ಅಂದಾರೇನು? ಎದ್ದು ನಡಿ.”

ಅವಳಿಗೆ ಹಳೆಯ ಸಿಟ್ಟು. ಗಂಡ ಹೆಂಡತಿ ಇಬ್ಬರೂ ಪರಪ್ಪನ ಹೊಲಕ್ಕೆ ಮುಯ್ಯಿ ಹೋಗಿ ಸೊಂಟ ಮುರಿದುಕೊಂಡಿದ್ದರು. ತಿರುಗಿ ಆ ಮನೆಯವರು ಒಬ್ಬರೂ ಇವರ ಹೊಲದಲ್ಲಿ ಕಾಲಿಡಲಿಲ್ಲ. ಯಾವನೋ ಆಳನ್ನು ಕಳಿಸಿ, ಮುಯ್ಯಿ ತೀರಿತು ಅಂದುಬಿಡುತ್ತಿದ್ದರು.

ಸಂಜೆಗೆ ಪರಪ್ಪನೇ ಬಂದ. “ನಮ್ಮ ಮನಿ ಹುಡುಗಿ ಕಂಡಕಂಡವರ ಜೋಡಿ ಕುಂತು ಗ್ರೀಸ್ ಹಚ್ಗೊಳ್ಳೂದಿಲ್ಲ. ಈ ಶೆಡ್ ಯಾರದು ಅನ್ನೂದು ಖಬರ್ ಐತಿಲ್ಲೋ?”

“ಶೆಡ್ ನಿಮ್ಮದ್ರಿ. ಪಾನಾ ನಮ್ಮದು.”

ಅವನು ಹೋದ ಮೇಲೆ ನಲಿನಿಬಾಯಿ ತಲೆಯ ಮೇಲೆ ಕೈ ಹೊತ್ತು ಕೂತರು. “ಒಂದು ಸೈಕಲ್ ಸಲುವಾಗಿ ಇಷ್ಟೂ ಹುಡುಗ್ಯಾರ ಸಾಲಿ ತಪ್ತದಲ್ಲ ಶಂಕ್ರೆವ್ವಾ. ಒಂದು ಸಲ ಬಿಟ್ಟುಬಿಡ್ರಿ.”

ಆ ಮಾತು ಚುಚ್ಚಿತು, ಏಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ. ಶಂಕ್ರೆವ್ವನಿಗೆ ಹೆದರಿಕೆಯೂ ಆಯಿತು. “ಬಾಯಾರ, ಇವತ್ತ ಇವರ ಆಳು ಕುಂತ್ರ ನಾಳೆ ಎಲ್ಲಾ ಸಾವ್ಕಾರ್ರ ಆಳು ಬಂದು ಕೂಡ್ತಾರ. ನಮ್ಮ ಹುಡುಗ್ಯಾರು ಬಾಗಲದಾಗ ನಿಂದರ್ತಾರ” ಅಂದಳು.

ಮುಂದಿನ ಭಾನುವಾರ ಶೆಡ್ಡಿಗೆ ಬೀಗ. ಹುಡುಗಿಯರು ಸೈಕಲ್ಲು ಹಿಡಿದು ಪೆಚ್ಚುಮೋರೆ ಹಾಕಿ ನಿಂತಿದ್ದರು. ಶಂಕ್ರೆವ್ವ ನಡುರಸ್ತೆಯಲ್ಲಿ ಪಂಕ್ಚರ್ ನೋಡುವ ನೀರಿನ ಬೋಗುಣಿ ಇಟ್ಟು, ಚಕ್ಕಳಮಕ್ಕಳ ಹಾಕಿ ಕೂತಳು. “ಏನ್ ನೋಡಾಕತ್ತೀರಿ? ಕೂಡ್ರಿ!” ಸೈಕಲ್ಲುಗಳೆಲ್ಲ ರಸ್ತೆಯ ತುಂಬ ತಲೆಕೆಳಗಾಗಿ ನಿಂತವು.

ಅಷ್ಟರಲ್ಲಿ ಪರಪ್ಪನ ಟ್ರ್ಯಾಕ್ಟರ್ ಬಂತು. ಸೋಮನಿಂಗ ನಡೆಸುತ್ತಿದ್ದ, ಸಾಹುಕಾರ ಪಕ್ಕದಲ್ಲಿ ಕೂತಿದ್ದ.

“ದಾರಿ ಬಿಡ್ರಿ!”

“ಕೆಲಸ ಮುಗಿಸಿ ಬಿಡ್ತೇವ್ರಿ. ಲಗೂನ ಮುಗೀಬೇಕಂದ್ರ ನೀವೂ ಬಂದು ಕೂಡ್ರಿ.”

“ಸೋಮನಿಂಗಾ, ಹಾಯಿಸಲೇ ಅವುಗಳ ಮ್ಯಾಲೆ!”

ಇಂಜಿನ್ ಗುಡುಗಿತು. ಹುಡುಗಿಯರು ಚೀರಿ ಎದ್ದರು. ಶಂಕ್ರೆವ್ವ ಮಾತ್ರ ಎದುರಿದ್ದ ಸೈಕಲ್ಲಿನ ಗಾಲಿ ಬಿಗಿಯಾಗಿ ಹಿಡಿದು ಕೂತೇ ಇದ್ದಳು. ಇಂಜಿನ್ ಒಮ್ಮೆಲೇ ನಿಂತಿತು. ಸೋಮನಿಂಗ ಕೆಳಗಿಳಿದು ಕೀಲಿಯನ್ನು ಸಾಹುಕಾರನ ಕೈಗಿಟ್ಟ.

“ದಿನಾ ವಸ್ತಿಯಿಂದ ನಡಕೋತ ಬಂದು ಕಾಲು ಸೋತಾವ್ರಿ. ನನಗೂ ಒಂದು ಸೈಕಲ್ ಬೇಕು.”

“ನಾಳಿಂದ ಕೆಲಸಕ್ಕ ಬರಬ್ಯಾಡ ಮಗನ!”

“ಸೈಕಲ್ ಇದ್ದರ ಹತ್ತೂರಾಗ ಕೆಲಸ ಸಿಗತೈತ್ರಿ.”

ಸೋಮನಿಂಗ ಬಂದು ಶಂಕ್ರೆವ್ವನ ಎದುರು ಕೂತ. ಹೋದ ವಾರ ಇವನನ್ನು ಎಬ್ಬಿಸಿ ಅಟ್ಟುವ ಭರದಲ್ಲಿ, ನಿನಗೆ ಸೈಕಲ್ಲು ಬೇಕೇನು ಎಂದು ತಾನು ಕೇಳಿರಲೇ ಇಲ್ಲ. ಅವಳಿಗೆ ನಾಚಿಕೆಯಾಯಿತು.

“ಆಳು ಹಾಳು ಅಂದಿದ್ದು ತಪ್ಪಾತೋ ತಮ್ಮಾ” ಅಂದಳು.

“ಅದಿರ್ಲಿ ಬಿಡು ಯವ್ವಾ. ಇವತ್ತ ಕೇಳು, ಕೈ ಯಾರವು ಅಂತ.”

“ಯಾರವು?”

“ನನ್ನವು.”

ಶಂಕ್ರೆವ್ವ ಪಾನಾ ಕೊಟ್ಟಳು.

ಪರಪ್ಪ ಕೀಲಿ ನೋಡಿದ, ಸ್ಟೇರಿಂಗ್ ನೋಡಿದ. ಟ್ರ್ಯಾಕ್ಟರ್ ಅವನದೇ, ಆದರೆ ನಡೆಸಲು ಅವನಿಗೆ ಬರುತ್ತಿರಲಿಲ್ಲ.

“ಬರ್ರಿ ಸಾವ್ಕಾರ್ರ, ನಮ್ಮಲ್ಲಿ ಕಲಿಸೂದಕ್ಕ ರೊಕ್ಕ ತಗೊಳ್ಳೂದಿಲ್ಲ” ಎಂದು ಶಂಕ್ರೆವ್ವ ಕರೆದಳು. ಅವನು ದಡದಡ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಟ್ರ್ಯಾಕ್ಟರ್ ಸಂಜೆತನಕ ಅಲ್ಲೇ ನಿಂತಿತ್ತು. ಹುಡುಗಿಯರು ಒದ್ದೆ ಟ್ಯೂಬುಗಳನ್ನೆಲ್ಲ ಅದರ ಮೇಲೆಯೇ ಒಣಹಾಕಿದರು.