ನಾನಖಟಾಯಿ ಕಾವಿನಲ್ಲಿ ಬಟಾಟಿ

ಗುರುವಾರ ಮಧ್ಯಾಹ್ನ ಮೂರು ಹೊಡೆಯುವುದರೊಳಗೆ ನಾನು ಏಳು ಸಲ ಬಾಗಿಲಿಗೆ ಹೋಗಿ ಬಂದಿದ್ದೆ. ಮನೆಗೆ ಬರುವವರು ಯಾರೂ ಇರಲಿಲ್ಲ. ಕಾಶಿನಾಥ ಸಾವುಕಾರರು ಬರುತ್ತೇನೆ ಎಂದದ್ದು ಬೇಕರಿಗೆ, ಅದೂ ನಾಲ್ಕು ಗಂಟೆಗೆ. ಆದರೂ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

ವಿಷಯ ಇಷ್ಟು. ನನ್ನ ಗಂಡ ಅಕೀಲ್ ಗ್ರೀಸ್ ದೇಶದ ಒಂದು ದ್ವೀಪದ ಹೋಟೆಲ್ಲಿನಲ್ಲಿ ನಾಲ್ಕು ವರ್ಷ ದುಡಿದು ಎರಡು ತಿಂಗಳ ಹಿಂದೆ ಕುಂದಗೋಳಕ್ಕೆ ಬಂದಿದ್ದ. (ಎದುರಿಗೆ ಅವನಿಗೆ ನೀವು ಅನ್ನುತ್ತೇನೆ. ಹೇಳುವಾಗ ಅವನು ಅನ್ನಲು ನನಗೆ ಯಾರ ಭಯ?) ಮತ್ತೆ ಕಳಿಸುತ್ತೇನೆ ಎಂದು ಮುಂಬೈಯ ಏಜೆಂಟ್ ಬೆನ್ನು ಬಿದ್ದಿದ್ದ. ಶುಕ್ರವಾರ ಸಂಜೆಯೊಳಗೆ ಅವನಿಗೆ ಉತ್ತರ ಕೊಡಬೇಕಿತ್ತು. ಆರು ವರ್ಷದ ನಮ್ಮ ಮಗಳು ಅಪ್ಪ ಎಂದರೆ ಮೊಬೈಲಿನೊಳಗೆ ಇರುವವನು ಎಂದುಕೊಂಡೇ ಬೆಳೆದವಳು, ಈಗಷ್ಟೇ ಅವನ ಹೆಗಲೇರುವುದನ್ನು ಕಲಿತಿದ್ದಳು. ಅವನು ಮತ್ತೆ ಹೋಗುವುದು ನನಗೆ ಸುತಾರಾಂ ಬೇಡವಾಗಿತ್ತು.

ಆಗ ಸಿಕ್ಕವರು ಕಾಶಿನಾಥ ಸಾವುಕಾರರು. ಲಕ್ಷ್ಮೇಶ್ವರ ರಸ್ತೆಯಲ್ಲಿ ಹೊಸ ಹೋಟೆಲ್ ಕಟ್ಟಿಸುತ್ತಿದ್ದರು, ಪಕ್ಕಾ ಶಾಕಾಹಾರಿ. ದೊಡ್ಡದೊಂದು ಓವನ್ ತರಿಸುವವರಿದ್ದರು, ಅದರ ಮುಂದೆ ನಿಲ್ಲುವವರನ್ನು ಹುಡುಕುತ್ತಿದ್ದರು. ನಾನೇ ಹೋಗಿ ಹೇಳಿ ಬಂದೆ: ನನ್ನ ಗಂಡ ಪರದೇಶದಲ್ಲಿ ಕುಕ್ ಆಗಿದ್ದವನು, ಎಣ್ಣೆಯಲ್ಲಿ ಕರಿಯದೆ ಓವನ್ನಿನಲ್ಲೇ ಗರಿಗರಿ ಮಾಡುವ ಆಲೂಗಡ್ಡೆಯ ಗ್ರೀಕ್ ಫ್ರೈಸ್ ಅವನಿಗೆ ಬರುತ್ತದೆ. ಹಾಗೆ ನೋಡಿದರೆ ಈ ಮಾತನ್ನು ನಾನು ಹೇಳದ ಮನೆಯೇ ಊರಲ್ಲಿರಲಿಲ್ಲ. ಬಿಳಿ ಟೋಪಿ ಹಾಕಿಕೊಂಡ ಅವನ ಫೋಟೋವನ್ನು ಯಾರದೇ ಮದುವೆ ಇರಲಿ, ತೊಟ್ಟಿಲಿರಲಿ, ತೋರಿಸಿಯೇ ಊಟಕ್ಕೆ ಕೂತವಳು ನಾನು.

"ಒಂದ್ಸಲ ಮಾಡಿ ತೋರಸ್ಲಿ, ನೋಡೂಣು," ಎಂದಿದ್ದರು ಸಾವುಕಾರರು.

ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಓವನ್ ಇಲ್ಲ. ರಂಜಾನ್ ಬಂದಾಗ ನಾನಖಟಾಯಿ ಬಿಸ್ಕತ್ತಿನ ಹಿಟ್ಟನ್ನು ಮನೆಯಲ್ಲೇ ಕಲಸಿ, ಉಂಡೆ ಕಟ್ಟಿ, ತಟ್ಟೆಯಲ್ಲಿ ಜೋಡಿಸಿ ಮಹಬೂಬಸಾಬ ಚಾಚಾನ ಬೇಕರಿಗೆ ಒಯ್ಯುತ್ತೇವೆ. ಬೆಳಗಿನ ಬನ್ನು ಬ್ರೆಡ್ಡು ತೆಗೆದ ಮೇಲೆ ಅವರ ಕಟ್ಟಿಗೆ ಭಟ್ಟಿಯ ಕಾವು ಇಳಿದಿರುತ್ತದೆ, ಆ ಸಣ್ಣ ಕಾವಿನಲ್ಲಿ ಎಲ್ಲರ ಮನೆಯ ತಟ್ಟೆಗಳೂ ಬೇಯುತ್ತವೆ. ಆಲೂಗಡ್ಡೆಗೂ ಅದೇ ಭಟ್ಟಿ ಎಂದು ನಾನು ಗೊತ್ತು ಮಾಡಿದ್ದೆ. ಸಾವುಕಾರರು ಮೊಟ್ಟೆ ಮುಟ್ಟುವವರಲ್ಲ, ಅದಕ್ಕೆಂದೇ ಎರಡು ಹೊಸ ತಟ್ಟೆ ತಂದಿದ್ದೆ.

ಅಕೀಲ್ ಆಲೂಗಡ್ಡೆ ಹೆಚ್ಚುವುದನ್ನು ಅವತ್ತೇ ನಾನು ಮೊದಲ ಸಲ ನೋಡಿದ್ದು. ಏನು ಕೈ ಅದು! ಚಾಕು ಕಾಣುತ್ತಲೇ ಇರಲಿಲ್ಲ. ನಾಲ್ಕು ಕಿಲೋ ಆಲೂಗಡ್ಡೆ ಸಿಪ್ಪೆ ಕಳಚಿ, ಬೆರಳ ಗಾತ್ರದ ಹೋಳಾಗಿ, ಒಂದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಬಕೆಟ್ಟಿನ ನೀರಿಗೆ ಬಿದ್ದವು. ಅತ್ತೆ ಖಾಸಿಂಬಿಯನ್ನು ಕರೆದು ತೋರಿಸಿದೆ. ನನ್ನ ಎದೆ ಉಬ್ಬಿತ್ತು.

ಆಮೇಲೆ ಅವನು ಚಾಕು ಒರೆಸುತ್ತ ಸುಮ್ಮನೆ ನಿಂತ.

"ಮುಂದ?" ಎಂದೆ.

"ಹಾಂ, ಮುಂದ..." ಎಂದು ಅರ್ಧದಷ್ಟು ಹೋಳುಗಳನ್ನು ನೀರಿನಿಂದ ಎತ್ತಿ ಹಾಗೆಯೇ ತಟ್ಟೆಗೆ ಸುರಿದ. ಅಲ್ಲಿಂದ ತಂದಿದ್ದ ಓರೆಗಾನೊ ಎಂಬ ಒಣ ಎಲೆಯ ಪುಡಿ ಉದುರಿಸಿದ, ಅಜವಾನಿನ ಹತ್ತಿರದ ವಾಸನೆ ಅದಕ್ಕೆ. ಬೆಳ್ಳುಳ್ಳಿ, ಉಪ್ಪು, ಆಲಿವ್ ಎಣ್ಣೆಯ ಬದಲು ನಮ್ಮ ಕುಸುಬಿ ಎಣ್ಣೆ. ಕೊನೆಗೆ ಆರು ಲಿಂಬೆಹಣ್ಣಿನ ರಸ. ತಟ್ಟೆಯ ತಳದಲ್ಲಿ ನೀರು ನಿಂತಿತ್ತು. ಆ ದೇಶದ ಪದ್ಧತಿ ಇರಬೇಕು ಎಂದುಕೊಂಡು ಬಾಯಿ ಮುಚ್ಚಿಕೊಂಡೆ, ನನಗೆ ಅದು ಸುಲಭದ ಕೆಲಸವಲ್ಲ.

ಬೇಕರಿ ಕಟ್ಟೆ ಹತ್ತಿದಾಗ ಮೂರೂ ಕಾಲು.

"ರಂಜಾನ್ ಇನ್ನೂ ದೂರ ಐತಲ್ಲ ಬೇಟಿ, ಈಗ ತಾಟು ಹೊತ್ಕೊಂಡು ಬಂದೀ," ಎಂದು ಮಹಬೂಬಸಾಬ ಚಾಚಾ ನಕ್ಕರು. ಆಮೇಲೆ ಅಕೀಲನ ಕಡೆ ತಿರುಗಿ ಕೇಳಿದರು: "ಕಾವು ಎಂಥಾದ್ದು ಬೇಕಪಾ? ಬನ್ನಿಂದೋ, ನಾನಖಟಾಯಿದೋ?"

ಅಕೀಲ್ ಭಟ್ಟಿಯ ಬಾಯಿಯನ್ನು ನೋಡಿದ, ನನ್ನನ್ನು ನೋಡಿದ. "ನಾನಖಟಾಯಿದ ಇರ್ಲಿ ಚಾಚಾ," ಎಂದ.

ಅಡುಗೆ ಮಾಡುವವಳಿಗೆ ಅಡುಗೆ ಮಾಡುವವರ ಮುಖ ಗೊತ್ತಾಗುತ್ತದೆ. ಅವನ ಮುಖದಲ್ಲಿದ್ದದ್ದು ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿ ಬರೆಯುವವನ ಕಳೆ.

ಅರ್ಧ ತಾಸು ನಾನು ಕೂತಿದ್ದೂ ಇಲ್ಲ, ನಿಂತಿದ್ದೂ ಇಲ್ಲ. ರಸ್ತೆ ನೋಡಿದೆ, ಗಡಿಯಾರ ನೋಡಿದೆ, ಟೋಸ್ಟಿನ ಡಬ್ಬಿಗಳನ್ನು ಎಣಿಸಿದೆ. ಚಾಚಾ ಉದ್ದನೆಯ ಹಲಗೆಯಿಂದ ತಟ್ಟೆ ಹೊರಗೆಳೆದಾಗ ಹೋಳುಗಳು ಬೆಳ್ಳಗೆ, ಮೆತ್ತಗೆ, ತಮ್ಮದೇ ನೀರಿನಲ್ಲಿ ಮಲಗಿದ್ದವು. ಒಂದನ್ನು ಎತ್ತಿದರೆ ಬೆರಳಿನ ಮೇಲೆ ಜೋತುಬಿತ್ತು.

"ಇದೇನು, ರೋಗಿಗೆ ಮಾಡೀರೇನು?" ಎಂದರು ಚಾಚಾ.

ಅಕೀಲನ ತೋಳು ಹಿಡಿದು ಕಟ್ಟಿಗೆ ಒಟ್ಟಿದ ಮೂಲೆಗೆ ಎಳೆದುಕೊಂಡು ಹೋದೆ. "ಖರೇ ಹೇಳ್ರಿ," ಎಂದೆ. ಅವನು ನೆಲ ನೋಡುತ್ತ ಉರ್ದುವಿನಲ್ಲಿ ಪಿಸುಗುಟ್ಟಿದ. ನಾಲ್ಕು ವರ್ಷ ಅವನು ಮಾಡಿದ್ದು ಸಿಪ್ಪೆ ತೆಗೆಯುವ, ಹೆಚ್ಚುವ ಕೆಲಸ ಒಂದೇ. ಓವನ್ ಇದ್ದದ್ದು ಮೇಲಿನ ಮಹಡಿಯಲ್ಲಿ. ಬಕೆಟ್ ಲಿಫ್ಟಿನಲ್ಲಿಟ್ಟರೆ ಮುಗಿಯಿತು, ಮುಂದೆ ಅದಕ್ಕೆ ಏನು ಮಾಡುತ್ತಾರೆಂದು ಅವನು ನೋಡಿಯೇ ಇರಲಿಲ್ಲ. ಫೋಟೋದ ಟೋಪಿ ಬೇರೆ ಯಾರದೋ. ಮೊದಲ ವಾರ ನಾನೇ ಫೋನಿನಲ್ಲಿ ಕುಕ್ ಅಲ್ಲವೇ ಎಂದು ಕೇಳಿದ್ದೆನಂತೆ, ಅವನು ಹೂಂ ಎಂದಿದ್ದನಂತೆ. ಆ ಹೂಂ ಅನ್ನು ವಾಪಸು ತೆಗೆದುಕೊಳ್ಳಲು ಅವನಿಗೆ ಬಾಯಿ ಬರಲಿಲ್ಲ.

ನನಗೆ ಬಂದ ಸಿಟ್ಟು ಸುಳ್ಳಿನ ಮೇಲಲ್ಲ. ಅದನ್ನು ಊರೆಲ್ಲ ಹೊತ್ತು ತಿರುಗಿದವಳು ನಾನು, ಅದಕ್ಕೆ. ಆದರೆ ಸಿಟ್ಟಿಗೆ ಹೊತ್ತಿರಲಿಲ್ಲ. ಸಾವುಕಾರರ ಬೈಕು ಕಟ್ಟೆಯ ಮುಂದೆ ಬಂದು ನಿಂತೇ ಬಿಟ್ಟಿತು.

"ಚಾಚಾ, ಕಟಗಿ ಹಾಕ್ರಿ. ಬನ್ನಿಂದಕ್ಕಿಂತ ಜೋರ ಕಾವು ಬೇಕು," ಎಂದು ಮನೆಗೆ ಓಡಿದೆ. ಓಡಿದೆ ಎಂದರೆ ಖರೆ ಓಡಿದೆ, ಚಪ್ಪಲಿ ಕೈಯಲ್ಲಿ ಹಿಡಿದು. ಬಕೆಟ್ಟಿನಲ್ಲಿ ಉಳಿದಿದ್ದ ಹೋಳುಗಳನ್ನು ಅತ್ತೆಯ ಹಳೆಯ ಹತ್ತಿ ಸೀರೆಯ ಮೇಲೆ ಸುರಿದು, ಒಂದು ಹನಿ ನೀರು ಉಳಿಯದಂತೆ ತಿಕ್ಕಿ ಒರೆಸಿದೆ. ಗ್ರೀಸ್ ನನಗೆ ಗೊತ್ತಿಲ್ಲ. ಒದ್ದೆ ಇರುವುದು ಗರಿಗರಿ ಆಗುವುದಿಲ್ಲ ಎಂಬುದು ಸಂಡಿಗೆ ಹಾಕಿದವರಿಗೆಲ್ಲ ಗೊತ್ತು. ಎಣ್ಣೆ, ಉಪ್ಪು, ಬೆಳ್ಳುಳ್ಳಿ, ಆ ಒಣ ಎಲೆ ಅಷ್ಟೇ ಹಚ್ಚಿ, ಹೋಳಿಗೆ ಹೋಳು ತಾಗದಂತೆ ಇನ್ನೊಂದು ಹೊಸ ತಟ್ಟೆಯಲ್ಲಿ ಜೋಡಿಸಿಕೊಂಡು ಬಂದೆ. ಲಿಂಬೆಹಣ್ಣು ಸೆರಗಿನಲ್ಲಿ ಕಟ್ಟಿಕೊಂಡೆ.

ಸಾವುಕಾರರು ಹೊರಗೆ ಕಟ್ಟೆಯ ಮೇಲೆ ಕೂತು ಒಂದು ಚಹಾ ಕುಡಿದರು, ಇನ್ನೊಂದು ಕುಡಿದರು. ವಾಚು ನೋಡಿಕೊಂಡರು. ಭಟ್ಟಿಯೊಳಗೆ ಜಾಲಿ ಕಟ್ಟಿಗೆ ಚಟಪಟ ಅನ್ನುತ್ತಿತ್ತು. ಚಾಚಾ ಕೆಂಡವನ್ನು ಬದಿಗೆ ಸರಿಸಿ ತಟ್ಟೆ ಒಳಗೆ ತಳ್ಳಿದ ಮೇಲೆ ನಾನು ಅಲ್ಲಿಂದ ಅಲುಗಲಿಲ್ಲ. ಮುಖ ಸುಡುತ್ತಿತ್ತು. ಎರಡು ಸಲ ತಟ್ಟೆ ಹೊರಗೆ ತೆಗೆಸಿ ಹೋಳುಗಳನ್ನು ಮಗುಚಿದೆ, ಬೆರಳು ಸುಟ್ಟುಕೊಂಡೆ. ಅಕೀಲ್ ನನ್ನ ಬಾಜು ನಿಂತಿದ್ದ, ಅವನ ಉಸಿರು ನನಗೆ ಕೇಳುತ್ತಿತ್ತು. ಇದೊಂದು ಆಗಿಬಿಡಲಿ ಅಲ್ಲಾ, ಉಳಿದದ್ದನ್ನು ನಾನು ರಾತ್ರಿ ಹಗಲು ಕೂತು ಇವನಿಗೆ ಕಲಿಸುತ್ತೇನೆ ಎಂದು ಬೇಡಿಕೊಂಡೆ.

ಕಡೆಯ ಸಲ ತಟ್ಟೆ ಬಂದಾಗ ಹೋಳುಗಳ ಅಂಚು ಕೆಂಪಗೆ ತಿರುಗಿತ್ತು. ಬಿಸಿಯ ಮೇಲೆಯೇ ಲಿಂಬೆ ಹಿಂಡಿದೆ, ಚುಂಯ್ ಎಂದಿತು. ಕಾಗದದ ತಟ್ಟೆಗೆ ಹಾಕಿ ಸಾವುಕಾರರ ಮುಂದಿಡಲು ಅಕೀಲನ ಕೈಗೇ ಕೊಟ್ಟೆ.

ಸಾವುಕಾರರು ಒಂದು ಕಚ್ಚಿದರು. ಕರುಂ ಎಂದ ಸದ್ದು ನನ್ನವರೆಗೂ ಬಂತು. ಎರಡನೆಯದು, ಮೂರನೆಯದು. "ಅಗದಿ ಛಲೋ ಆಗೇತಿ," ಎಂದರು. "ಹುಳಿ, ಉಪ್ಪು, ಘಮ... ಎಲ್ಲಾ ಬರೋಬ್ಬರಿ. ಅಕೀಲ, ಒಂದನೇ ತಾರೀಖಿಗೆ ಬಂದುಬಿಡಪಾ."

ಹೋದ ಜೀವ ಬಂದಂತಾಯಿತು. ಹೂಂ ಅನ್ನು, ಹೂಂ ಅನ್ನು ಎಂದು ಅವನ ಬೆನ್ನು ನೋಡುತ್ತಿದ್ದೆ.

"ಸಾವುಕಾರ್ರ, ನಾ ಅಲ್ಲಿ ಕುಕ್ ಇರ್ಲಿಲ್ರಿ," ಎಂದ ಅಕೀಲ್. "ನಾಕು ವರ್ಷ ಬರೇ ಬಟಾಟಿ ಹೆಚ್ಚೀನಿ. ಇದನ್ನ ಮಾಡಿದಾಕಿ ಇಕಿ."

ಆ ಬಿಸಿ ತಟ್ಟೆಯನ್ನು ಅವನ ತಲೆಯ ಮೇಲೆ ಮಗುಚಬೇಕೆನಿಸಿತು. ನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಇನ್ನೊಂದು ದಿನ ಇಟ್ಟುಕೊಳ್ಳಲು ಇವನಿಗೇನಾಗಿತ್ತು? ಚಾಚಾ ಭಟ್ಟಿಯ ಕಡೆ ತಿರುಗಿಕೊಂಡರು. ನಾಳೆ ಹೊತ್ತು ಮುಳುಗುವುದರೊಳಗೆ ಏಜೆಂಟನಿಗೆ ಫೋನು ಹೋಗುತ್ತದೆ, ಮಗಳು ಮತ್ತೆ ಮೊಬೈಲಿಗೆ ಮುತ್ತು ಕೊಡುತ್ತಾಳೆ ಎಂದು ನನ್ನ ತಲೆ ಅದಾಗಲೇ ಓಡತೊಡಗಿತ್ತು.

ಸಾವುಕಾರರು ಕೈ ಒರೆಸಿಕೊಂಡರು. "ಹೆಚ್ಚಾಕ ನನ್ನ ಕಡೆ ಮಂದಿ ಅದಾರ," ಎಂದರು. "ನನಗ ಬೇಕಾಗಿರೋದು ಓವನ್ ಮುಂದ ನಿಲ್ಲೋವ್ರು. ತಂಗೀ, ನೀವ ಬರ್ತೀರೇನು?"

ನಮ್ಮ ಮನೆತನದಲ್ಲಿ ಯಾವ ಹೆಂಗಸೂ ಹೋಟೆಲ್ಲಿನಲ್ಲಿ ನಿಂತಿಲ್ಲ. ಹೋಗುತ್ತೇನೆಂದರೆ ಗಂಡನ ಮರ್ಯಾದೆಯನ್ನು ನಾಲ್ಕು ಜನರೆದುರು ನಾನೇ ಕಿತ್ತುಕೊಂಡ ಹಾಗೆ, ಒಲ್ಲೆನೆಂದರೆ ಅವನನ್ನು ನಾನೇ ವಿಮಾನ ಹತ್ತಿಸಿದ ಹಾಗೆ. ಅಕೀಲನನ್ನು ನೋಡಿದೆ. ಅವನು ಈ ಸಲ ನೆಲ ನೋಡಲಿಲ್ಲ.

"ಹೋಗು," ಎಂದ, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ. "ಹುಡುಗಿನ್ನ ಸಾಲಿಗೆ ನಾ ಕಳಸ್ತೀನಿ. ಮನ್ಯಾಗ ನಾ ಇರ್ತೀನಿ."

ಕಣ್ಣು ತುಂಬಿ ಬಂತು. ಹೊಗೆಯ ನೆಪ ಹೇಳೋಣವೆಂದರೆ ಚಾಚಾ ಭಟ್ಟಿಯ ಬಾಗಿಲು ಮುಚ್ಚಿಯಾಗಿತ್ತು.

"ಬರ್ತೀನ್ರಿ," ಎಂದೆ.