ಆಮೆಯ ಐದು ಸಾಲು

ನಮ್ಮ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ರೆಸಿಡೆಂಟ್ ಆಗಿ, ಅಂದರೆ ತರಬೇತಿಯ ಡಾಕ್ಟರಾಗಿ, ದುಡಿದು ಹೊರಬಿದ್ದವರೆಲ್ಲ ವರ್ಷಕ್ಕೊಮ್ಮೆ ತಮ್ಮ ಕ್ಷೇಮಸಮಾಚಾರ ಬರೆದು ಕಳಿಸಬೇಕು. ಕೆಲಸ ಎಲ್ಲಿ, ಏನು ಮಾಡುತ್ತಿದ್ದೀರಿ, ಮನೆಯಲ್ಲಿ ಏನು ವಿಶೇಷ. ಐದು ಸಾಲು ಮೀರಬಾರದು. ಅದನ್ನೆಲ್ಲ ಕೂಡಿಸಿ ಹದಿನಾರು ಪುಟದ ಬುಲೆಟಿನ್ ಮಾಡಿ ಹಂಚುವ ಕೆಲಸ ಹತ್ತೊಂಬತ್ತು ವರ್ಷದಿಂದ ನನ್ನ ತಲೆಗೆ ಕಟ್ಟಿದ್ದಾರೆ. ಯಾರೂ ಕಟ್ಟಲಿಲ್ಲ, ನಾನೇ ಕಟ್ಟಿಕೊಂಡೆ ಎಂದು ಹೆಂಡತಿ ಹೇಳುತ್ತಾಳೆ. ಅವಳು ಶಾಲೆಯಲ್ಲಿ ಗಣಿತ ಕಲಿಸುವವಳು. ಅವಳ ಜೊತೆ ವಾದಕ್ಕೆ ಇಳಿಯುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಐದು ಸಾಲು ಎಂದರೆ ಐದೇ ಸಾಲು ಬರೆಯುವ ಮೂಳೆ ಡಾಕ್ಟರು ಇನ್ನೂ ಹುಟ್ಟಿಲ್ಲ ಎಂದೇ ಹೇಳಬೇಕು. ಒಂದೊಂದು ಪುಟ ಬರೆಯುತ್ತಾರೆ, ಮೇಲೆ ನಾಲ್ಕು ಫೋಟೋ. ನಾನು ಕತ್ತರಿಸುತ್ತೇನೆ. ಹೀಗಾಗಿ ನನ್ನ ಬೆನ್ನ ಹಿಂದೆ ಎಲ್ಲರೂ ನನ್ನನ್ನು ಕತ್ತರಿ ಎನ್ನುತ್ತಾರೆ. ಹೋದ ವರ್ಷ ನಾವು ಕಂಬ ಎಂದು ಕರೆಯುವವನು ತಾನು ಹದಿನಾಲ್ಕು ವರ್ಷದಲ್ಲಿ ಹತ್ತು ಸಾವಿರ ಮಂಡಿ ಬದಲಾಯಿಸಿದ್ದಾಗಿ ಬರೆದಿದ್ದ. ಕಂಬ ನನ್ನ ಜೊತೆಯವನು, ಆರಡಿ ಮೂರಿಂಚು, ಈಗ ಐದು ಆಸ್ಪತ್ರೆಗಳ ಯಜಮಾನ. ವರ್ಷದಲ್ಲಿ ನಾಲ್ಕು ತಿಂಗಳು ಹೊರದೇಶದಲ್ಲಿ ಉಪನ್ಯಾಸ ಕೊಡುವುದಾಗಿಯೂ ಅದೇ ಪುಟದಲ್ಲಿತ್ತು. ಹೆಂಡತಿ ಪೆನ್ಸಿಲ್ ತೆಗೆದುಕೊಂಡು ಅಂಚಿನಲ್ಲೇ ಭಾಗಾಕಾರ ಮಾಡಿದಳು.

"ಭಾನುವಾರ ಬಿಟ್ರೆ ದಿನಕ್ಕೆ ಮೂರೂವರೆ ಮಂಡಿ," ಅಂದಳು. "ಆ ಅರ್ಧ ಮಂಡಿ ಯಾರ್ದೋ ಪಾಪ."

ಇನ್ನೊಬ್ಬ ಕತ್ತಿ ಬಿಟ್ಟು ಮರದ ಕೆಲಸಕ್ಕೆ ಇಳಿದಿದ್ದಾನೆ. ಅವನನ್ನು ನಾವೀಗ ಬಡಗಿ ಎಂದೇ ಕರೆಯುತ್ತೇವೆ. ಮೇಜು ಕುರ್ಚಿಗಳು ಎರಡು ವಾರದ ನಂತರ ವಾಪಸ್ ಬಂದು ಇನ್ನೂ ನೋವಿದೆ ಎನ್ನುವುದಿಲ್ಲ, ಹಾಗಾಗಿ ಸುಖವಾಗಿದ್ದೇನೆ ಎಂದು ಬರೆದಿದ್ದ. ಅದನ್ನು ಮಾತ್ರ ಕತ್ತರಿಸದೆ ಹಾಕಿದೆ.

ಇವರ ಬಡಾಯಿಯನ್ನೆಲ್ಲ ಓದಿ ನಕ್ಕು ಬದಿಗಿಡುತ್ತಿದ್ದ ನನಗೆ ಇವರಲ್ಲೇ ಒಬ್ಬರನ್ನು ಆರಿಸಿಕೊಳ್ಳುವ ಕಾಲ ಬಂತು. ನನ್ನ ಬಲಗಡೆಯ ಸೊಂಟದ ಕೀಲು ಸವೆದು ಹೋಗಿತ್ತು. ಒಂದು ವರ್ಷ ಯಾರಿಗೂ ಹೇಳಲಿಲ್ಲ. ಆಪರೇಷನ್ ಥಿಯೇಟರ್‌ನಲ್ಲಿ ಎಡಗಾಲಿನ ಮೇಲೆ ಭಾರ ಬಿಟ್ಟು ನಿಂತೆ, ವಾರ್ಡಿನಲ್ಲಿ ರೋಗಿಗಳ ಮಂಚ ಹಿಡಿದುಕೊಂಡು ನಡೆದೆ. ಕೊನೆಗೊಂದು ದಿನ ಕಾಲುಚೀಲ ಹಾಕಿಕೊಳ್ಳಲು ಆಗದೆ ಮಂಚದ ತುದಿಯಲ್ಲಿ ಕೂತಿದ್ದಾಗ ಹೆಂಡತಿ ನೋಡಿದಳು.

"ಏನ್ರೀ, ಜಗತ್ತಿನ ಕಾಲೆಲ್ಲ ನೆಟ್ಟಗೆ ಮಾಡ್ತೀರಿ. ನಿಮ್ಮ ಕಾಲಿಗೆ ಚೀಲ ಹಾಕೋಕೆ ನಾನು ಬರ್ಬೇಕಾ?"

ಮಾಡಿಸಿಕೊಳ್ಳುವುದು ಸರಿ. ಯಾರ ಕೈಯಲ್ಲಿ? ಮೂಳೆ ಡಾಕ್ಟರಿಗೆ ಇದಕ್ಕಿಂತ ದೊಡ್ಡ ಕಷ್ಟವಿಲ್ಲ. ಊರಿಗೆಲ್ಲ ದೊಡ್ಡ ಮನುಷ್ಯರಾದವರು ಇಪ್ಪತ್ತೇಳನೇ ವಯಸ್ಸಿನಲ್ಲಿ ಹೇಗಿದ್ದರು ಎಂಬುದು ನಮಗೆ ಗೊತ್ತಿರುತ್ತದೆ. ಕಂಬ ಆಪರೇಷನ್ ನಡುವೆ ನಿಂತಲ್ಲೇ ತೂಕಡಿಸುತ್ತಿದ್ದ. ಬಡಗಿಯ ಕೈ ಬಂಗಾರ, ಆದರೆ ಅವನೀಗ ಮಾಡಿದರೆ ಕಾಲಿಗೆ ಪಾಲಿಷ್ ಹಚ್ಚಿ ಕಳಿಸಿಯಾನು.

ಹತ್ತೊಂಬತ್ತು ವರ್ಷದ ಮೂಲ ಪತ್ರಗಳ ಕಟ್ಟು ಬೀರುವಿನಿಂದ ತೆಗೆದೆ. ಮೂರು ಸಂಜೆ ಕೂತು ಓದಿದೆ. ಎಲ್ಲರಿಗೂ ಎಲ್ಲವೂ ಚೆನ್ನಾಗಿತ್ತು. ಯಾರ ರೋಗಿಗೂ ಜ್ವರ ಬಂದಿರಲಿಲ್ಲ, ಯಾರ ಸ್ಕ್ರೂವೂ ಸಡಿಲಾಗಿರಲಿಲ್ಲ. ಬಿಡಿ, ನನ್ನ ಸಾಲುಗಳೂ ಹಾಗೆಯೇ ಇದ್ದವು, ಎಲ್ಲರಿಗಿಂತ ಉದ್ದವಾಗಿ.

ಒಬ್ಬಳು ಮಾತ್ರ ಪ್ರತಿ ವರ್ಷ ಸರಿಯಾಗಿ ಐದು ಸಾಲು ಬರೆದಿದ್ದಳು. "ಅದೇ ಆಸ್ಪತ್ರೆ. ಈ ವರ್ಷ ಇನ್ನೂರ ಹನ್ನೆರಡು ಕೀಲು ಬದಲಾವಣೆ. ನಾಲ್ವರಿಗೆ ಸೋಂಕು. ಒಬ್ಬರ ಕೀಲು ಎರಡು ಸಲ ಜಾರಿತು, ಕೂರಿಸಿದ ಕೋನ ತಪ್ಪಿತ್ತು, ತಪ್ಪು ನನ್ನದು. ಮಗ ಶಾಲೆಗೆ ಸೇರಿದ." ಮುಂದಿನ ವರ್ಷವೂ ಇದೇ ಧಾಟಿ, ಅಂಕಿ ಮಾತ್ರ ಬೇರೆ. ಅದರ ಮಧ್ಯದ ಎರಡು ಸಾಲುಗಳನ್ನು ನಾನು ಪ್ರತಿ ವರ್ಷ ತಪ್ಪದೆ ಕತ್ತರಿಸಿದ್ದೆ. ಹಬ್ಬದ ಮನೆಯಲ್ಲಿ ಯಾಕೆ ಅಳು ಎಂದು. ಅಚ್ಚಾದದ್ದು ಇಷ್ಟೇ: ಅದೇ ಆಸ್ಪತ್ರೆ, ಇನ್ನೂರ ಹನ್ನೆರಡು ಕೀಲು, ಮಗ ಶಾಲೆಗೆ ಸೇರಿದ.

ಅವಳಿಗೆ ಆಮೆ ಎಂದು ಹೆಸರಿಟ್ಟವನು ನಾನು. ನಾನು ಹಿರಿಯ ರೆಸಿಡೆಂಟ್ ಆಗಿದ್ದಾಗ ಅವಳು ಎರಡು ವರ್ಷ ಕಿರಿಯಳು. ನಾವು ನಲವತ್ತು ನಿಮಿಷಕ್ಕೆ ಮುಗಿಸುವುದನ್ನು ಅವಳು ಎಪ್ಪತ್ತು ನಿಮಿಷ ಮಾಡುತ್ತಿದ್ದಳು. ವರ್ಷದ ಕೊನೆಯ ವರದಿಯಲ್ಲಿ ನಾನು "ಕೈ ನಿಧಾನ" ಎಂದು ಬರೆದೆ. ಆ ಎರಡು ಪದಕ್ಕೆ ಅವಳ ತರಬೇತಿ ಇನ್ನೊಂದು ವರ್ಷ ಬೆಳೆಯಿತು.

ಈಗ ಆ ಕಟ್ಟಿನಲ್ಲಿ ನಾನು ನಂಬಬಹುದಾದ ಅಂಕಿ ಅವಳದೊಂದೇ. ಒಂದು ವಾರ ಮೀನಮೇಷ ಎಣಿಸಿ, ರೈಲು ಹತ್ತಿ ಅವಳ ಆಸ್ಪತ್ರೆಗೆ ಹೋದೆ. ಹೇಳದೆ ಹೋಗಿ, ಹದಿನೇಳನೇ ನಂಬರಿನ ಚೀಟಿ ಹಿಡಿದು, ಮುರಿದ ಮಣಿಕಟ್ಟಿನ ಮುದುಕರೊಬ್ಬರ ಪಕ್ಕದಲ್ಲಿ ಎರಡೂವರೆ ಗಂಟೆ ಬೆಂಚಿನ ಮೇಲೆ ಕೂತೆ. ಅವಳಿನ್ನೂ ಆಮೆಯೇ.

ಒಳಗೆ ಹೋದಾಗ ಅವಳು ತಲೆ ಎತ್ತಿ ನೋಡಿದಳು. ತಲೆಗೂದಲು ನರೆತಿತ್ತು. ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ.

"ಬನ್ನಿ ಸರ್. ಬಾಗಿಲಿನಿಂದ ಇಲ್ಲಿವರೆಗೂ ಇನ್ನೊಂದ್ಸಲ ನಡೀರಿ."

ನಡೆದೆ. ಮಲಗಿಸಿದಳು, ಕಾಲು ಮಡಚಿದಳು, ತಿರುಗಿಸಿದಳು, ಅಳತೆಪಟ್ಟಿ ಹಿಡಿದು ಎರಡೂ ಕಾಲು ಅಳೆದಳು. ಇಪ್ಪತ್ತೈದು ನಿಮಿಷ. ಆಮೇಲೆ ಕೂತು, ಎದುರಿಗಿರುವವನು ಮೂವತ್ತೊಂದು ವರ್ಷದಿಂದ ಇದೇ ಕಸುಬು ಮಾಡುತ್ತಿದ್ದಾನೆ ಎಂಬುದು ಮರೆತುಹೋದವಳ ಹಾಗೆ ಎಲ್ಲವನ್ನೂ ವಿವರಿಸಿದಳು.

"ನೂರರಲ್ಲಿ ಇಬ್ಬರಿಗೆ ನನ್ನ ಕೈಯಲ್ಲಿ ಸೋಂಕು ಆಗುತ್ತೆ ಸರ್. ಎಲ್ಲರಿಗೂ ಹೇಳ್ತೀನಿ. ನಿಮಗೂ ಹೇಳ್ಬೇಕು."

"ಗೊತ್ತಮ್ಮ. ಪ್ರತಿ ವರ್ಷ ಓದಿದ್ದೀನಿ."

"ಹೌದಲ್ಲ," ಅಂದಳು. "ಕತ್ತರಿಸ್ಬೇಕು ಅಂದ್ರೆ ಓದ್ಲೇಬೇಕು."

ಅದು ಚುಚ್ಚಿದ್ದೋ ಸುಮ್ಮನೆ ಹೇಳಿದ್ದೋ ತಿಳಿಯಲಿಲ್ಲ. ಹಳೆಯ ವರದಿಯ ಬಗ್ಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹದಿನೆಂಟನೇ ನಂಬರನ್ನು ಕೂಗಿಬಿಟ್ಟರು.

ಆಪರೇಷನ್ ಆಯಿತು. ಎಂಬತ್ತೈದು ನಿಮಿಷ ತೆಗೆದುಕೊಂಡಳಂತೆ. ಮರುದಿನವೇ ನನ್ನನ್ನು ಎಬ್ಬಿಸಿ ನಡೆಸಿದವರು ಅವಳ ಥಿಯೇಟರ್ ಸಿಸ್ಟರ್. ಇಪ್ಪತ್ತಾರು ವರ್ಷದಿಂದ ಆ ಥಿಯೇಟರ್‌ನಲ್ಲೇ ಇದ್ದ, ನನ್ನ ಭುಜಕ್ಕೂ ಬಾರದಷ್ಟು ಕುಳ್ಳಗಿನ ಹೆಂಗಸು. ವಾರ್ಡಿಗೆ ಬರುವುದು ಅವರ ಕೆಲಸವಲ್ಲ. ತಾವು ಸಲಕರಣೆ ಎತ್ತಿಕೊಟ್ಟ ಪ್ರತಿ ರೋಗಿಯೂ ಮೊದಲ ಹೆಜ್ಜೆ ಇಡುವುದನ್ನು ನೋಡದೆ ಅವರಿಗೆ ಸಮಾಧಾನವಿಲ್ಲವಂತೆ, ಡ್ಯೂಟಿ ಮುಗಿಸಿ ಬರುತ್ತಿದ್ದರು.

"ಬಲಗಾಲು ಮುಂದೆ ಇಡಿ. ಹೆದರ್ಬೇಡಿ, ನಾನಿದ್ದೀನಿ," ಅಂದರು. ಎಂಬತ್ತೆರಡು ಕಿಲೋ ತೂಗುವ ನನ್ನನ್ನು ಅವರು ಹೇಗೆ ಹಿಡಿಯುತ್ತಿದ್ದರೋ ಕಾಣೆ. ಆದರೂ ಹೆದರಿಕೆ ಹೋಯಿತು. ಹೊರಡುವಾಗ ನನ್ನ ತೊಡೆಯ ಪಟ್ಟಿಯ ಕಡೆ ಬೆರಳು ತೋರಿಸಿದರು. "ಅದನ್ನ ಮುಟ್ಬೇಡಿ ಡಾಕ್ಟ್ರೇ. ನಾನು ನೋಡಿದ ಮಟ್ಟಿಗೆ ಡಾಕ್ಟ್ರುಗಳೇ ಮೊದಲು ಬಿಚ್ಚಿ ನೋಡೋದು."

ನಾಲ್ಕನೇ ದಿನ ಮಧ್ಯಾಹ್ನ ಊಟವಾದ ಮೇಲೆ ನಾನು ಬಿಚ್ಚಿ ನೋಡಿದೆ.

ಯಾಕೆ ಎಂದರೆ ಏನು ಹೇಳಲಿ? ಬೇರೆಯವರ ಹೊಲಿಗೆಯನ್ನು ಸಾವಿರ ಸಲ ನೋಡಿದವನು, ನನ್ನದನ್ನು ನೋಡಬಾರದೇ ಎನಿಸಿತು. ಇನ್ನೂ ನಿಜ ಹೇಳಬೇಕೆಂದರೆ, ಆಮೆ ಹೇಗೆ ಹೊಲಿದಿದ್ದಾಳೆ ಎಂದು ಅಂಕ ಕೊಡುವ ಆಸೆ. ಪಟ್ಟಿಯನ್ನು ಕೆಳಮೂಲೆಯಿಂದ ಮೇಲಿನವರೆಗೂ ಎತ್ತಿ, ಗಡ್ಡ ಹೆರೆಯುವ ಕನ್ನಡಿ ಹಿಡಿದೆ. ಇಪ್ಪತ್ಮೂರು ಹೊಲಿಗೆ, ಒಂದಕ್ಕೊಂದು ಸಮ. ಕೊನೆಯದರ ಹತ್ತಿರ ಸ್ವಲ್ಪ ಒದ್ದೆಯಿತ್ತು, ಬೆರಳಿನಿಂದ ಒತ್ತಿ ನೋಡಿದೆ. ಕೈ ತೊಳೆಯುವ ಸಿಂಕ್ ಹತ್ತು ಹೆಜ್ಜೆ ದೂರದಲ್ಲಿತ್ತು, ಹಿಡಿದು ನಡೆಯುವ ವಾಕರ್ ಬಾಗಿಲ ಬಳಿ ಇತ್ತು. ಕಿತ್ತಳೆ ಸುಲಿದ ಕೈ ಅದು. ಪಟ್ಟಿಯನ್ನು ಮೊದಲಿನಂತೆ ಅಂಟಿಸಿ, ಹತ್ತರಲ್ಲಿ ಒಂಬತ್ತು ಅಂಕ ಕೊಟ್ಟು ಮಲಗಿದೆ.

ಹನ್ನೊಂದನೇ ದಿನ ಚಳಿಜ್ವರ ಬಂತು. ಗಾಯ ಕೆಂಪೇರಿ ಕೀವಾಯಿತು. ಆಮೆ ಮತ್ತೆ ತೆರೆದು ತೊಳೆದಳು. ಆರು ವಾರ ಡ್ರಿಪ್ಪಿನಲ್ಲಿ ಔಷಧಿ. ಮಂಚದ ಪಕ್ಕ ಕುರ್ಚಿ ಎಳೆದು ಕೂತು, ಒಂದೊಂದೇ ಪ್ರಶ್ನೆ ಕೇಳಿದಳು. ಹಲ್ಲುನೋವು ಇತ್ತೇ, ಮೂತ್ರ ಉರಿಯಿತೇ, ಎಲ್ಲಾದರೂ ಚರ್ಮ ಒಡೆದಿತ್ತೇ.

"ಡ್ರೆಸ್ಸಿಂಗ್ ಯಾರಾದ್ರೂ ಮುಟ್ಟಿದ್ರಾ ಸರ್?"

"ಇಲ್ಲ," ಅಂದೆ.

ಬೇರೆ ಯಾವ ರೋಗಿ ಹೇಳಿದ್ದರೂ ಅವಳು ಎರಡನೇ ಸಲ ಕೇಳುತ್ತಿದ್ದಳು. ನಾನು ಹೇಳಿದ್ದರಿಂದ ಬರೆದುಕೊಂಡಳು.

ಅವಳು ಹನ್ನೆರಡು ದಿನ ಥಿಯೇಟರ್ ಮುಚ್ಚಿದಳು. ಗಾಳಿಯ ಜಾಲರಿ ಬಿಚ್ಚಿಸಿದಳು, ದೀಪದ ಹಿಡಿಕೆ ಉಜ್ಜಿಸಿದಳು, ಅಲ್ಲಿ ಕೆಲಸ ಮಾಡುವ ಎಲ್ಲರ ಮೂಗಿನಿಂದ ಮಾದರಿ ತೆಗೆದು ಲ್ಯಾಬಿಗೆ ಕಳಿಸಿದಳು. ಕೀಲು ಬದಲಾವಣೆಗೆ ದಿನ ಗೊತ್ತಾಗಿದ್ದ ಒಂಬತ್ತು ಜನರನ್ನು ವಾಪಸ್ ಕಳಿಸಿದ್ದಾರೆಂದು ವಾರ್ಡಿನಲ್ಲಿ ಮಾತಾಡಿಕೊಂಡರು. ನಾನು ಡ್ರಿಪ್ಪಿನ ಹನಿ ನೋಡುತ್ತಾ ಮಲಗಿದ್ದೆ. ನಾಳೆ ಹೇಳೋಣ ಎಂದುಕೊಂಡೆ, ನಾಳೆಯೂ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಥಿಯೇಟರ್ ಮತ್ತೆ ತೆರೆಯಿತು, ನನ್ನ ಗಾಯ ಮಾಯಿತು, ನಾನು ಮನೆಗೆ ಬಂದೆ. ಬೀಸೋ ದೊಣ್ಣೆ ತಪ್ಪಿತು ಎಂದೇ ಅನಿಸಿದ್ದು. ಕಾಲುಚೀಲ ನಾನೇ ಹಾಕಿಕೊಳ್ಳತೊಡಗಿದೆ. ಆಪರೇಷನ್ನಿಗೂ ಮರಳಿದೆ.

ನಾಲ್ಕು ತಿಂಗಳ ನಂತರ ಬುಲೆಟಿನ್ನಿನ ಕಾಲ ಬಂತು. ಕಂಬ ಹನ್ನೊಂದು ಸಾವಿರ ತಲುಪಿದ್ದ. ಬಡಗಿ ಒಂದು ತೊಟ್ಟಿಲು ಮಾಡಿ ಮೊಮ್ಮಗಳಿಗೆ ಕೊಟ್ಟಿದ್ದ. ಆಮೆಯದು ಎಂದಿನಂತೆ ಐದು ಸಾಲು.

"ಅದೇ ಆಸ್ಪತ್ರೆ. ಈ ವರ್ಷ ನೂರ ತೊಂಬತ್ತು ಕೀಲು. ಮೂವರಿಗೆ ಸೋಂಕು, ಅವರಲ್ಲಿ ಒಬ್ಬರು ಈ ಬುಲೆಟಿನ್ನಿನ ಸಂಪಾದಕರು, ಕಾರಣ ತಿಳಿಯಲಿಲ್ಲ, ಹೊಣೆ ನನ್ನದು. ಗಾಯದಲ್ಲಿದ್ದ ಕ್ರಿಮಿಯೇ ಮೂಗಿನಲ್ಲೂ ಸಿಕ್ಕಿತೆಂದು ನಮ್ಮ ಥಿಯೇಟರ್ ಸಿಸ್ಟರನ್ನು ಆಡಳಿತದವರು ಬಟ್ಟೆ ವಿಭಾಗಕ್ಕೆ ಕಳಿಸಿದರು, ನನ್ನಿಂದ ತಡೆಯಲಾಗಲಿಲ್ಲ. ಮಗ ಈಜು ಕಲಿತ."

ಕೆಳಗೆ ಸಣ್ಣ ಅಕ್ಷರದಲ್ಲಿ: "ಸರ್, ನಿಮ್ಮ ವಿಷಯ ಬೇಡವೆನಿಸಿದರೆ ತೆಗೆಯಿರಿ."

ಆ ಕ್ರಿಮಿ ಮೂರು ಜನರಲ್ಲಿ ಒಬ್ಬರ ಮೂಗಿನಲ್ಲಿ ಇದ್ದೇ ಇರುತ್ತದೆ. ನನ್ನ ಮೂಗನ್ನು ಯಾರೂ ನೋಡಿರಲಿಲ್ಲ, ನಾನು ರೋಗಿ. ಅಭ್ಯಾಸಬಲದಿಂದ ಪೆನ್ಸಿಲ್ ಎತ್ತಿ ಮಧ್ಯದ ಎರಡು ಸಾಲು ಹೊಡೆದೆ. ಉಳಿದದ್ದನ್ನು ಓದಿದೆ: ಅದೇ ಆಸ್ಪತ್ರೆ, ನೂರ ತೊಂಬತ್ತು ಕೀಲು, ಮಗ ಈಜು ಕಲಿತ. ಏನೂ ಕೊರತೆ ಕಾಣುತ್ತಿರಲಿಲ್ಲ. ಅಷ್ಟು ಸಲೀಸಾಗಿ ಕೂಡಿಕೊಂಡದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ಆಗಬಾರದಷ್ಟು ಆಯಿತು, ಮುಖ ಬಿಸಿಯಾಗುವಷ್ಟು.

ಹೆಂಡತಿ ಭುಜದ ಹಿಂದೆ ನಿಂತು ಓದುತ್ತಿದ್ದಳು.

"ಬಟ್ಟೆ ವಿಭಾಗ ಅಂದ್ರೇನ್ರೀ?"

"ಹೊದಿಕೆ, ಗೌನು ಎಲ್ಲ ಎಣಿಸಿ ಮಡಚಿಡೋದು."

"ನಿಮ್ಮನ್ನ ಕೈಹಿಡಿದು ನಡೆಸಿದ್ರಲ್ಲ, ಅವರೇನಾ?"

"ಅವರೇ."

ಅವಳು ನನ್ನ ಮುಖ ನೋಡಿದಳು. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳಿಗೆ ನಕಲು ಹೊಡೆದವನ ಮುಖ ಗೊತ್ತಾಗದೆ ಇರುತ್ತದೆಯೇ. ನಾನು ಫೋನ್ ತೆಗೆದುಕೊಂಡೆ.

ಆಮೆ ಹೊರರೋಗಿಗಳ ಕೋಣೆಯಲ್ಲಿದ್ದಳು. ಹಿಂದೆ ಯಾರೋ ಕೆಮ್ಮುವುದು ಕೇಳುತ್ತಿತ್ತು. ಪಟ್ಟಿ ಬಿಚ್ಚಿ ನೋಡಿದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಲು ಹೊರಟೆ.

"ನಿಧಾನ ಸರ್," ಅಂದಳು. "ಬರ್ಕೋತಿದ್ದೀನಿ. ಎಷ್ಟನೇ ದಿನ?"

"ನಾಲ್ಕನೇ ದಿನ. ಊಟ ಆದ್ಮೇಲೆ."

"ಕೈ ತೊಳೆದಿದ್ರಾ?"

"ಇಲ್ಲ."

"ಮುಟ್ಟಿದ್ರಾ, ಬರೀ ನೋಡಿದ್ರಾ?"

"ಬೆರಳಿಂದ ಒತ್ತಿದೆ. ಕೆಳಗಿನ ಹೊಲಿಗೆ ಹತ್ರ."

"ಅಲ್ಲಿಂದ್ಲೇ ಶುರುವಾಗಿದ್ದು," ಅಂದಳು. ಅಷ್ಟು ಹೊತ್ತೂ ಅವಳ ಪೆನ್ನು ಓಡುವ ಸದ್ದು ಬರುತ್ತಿತ್ತು, ಈಗ ನಿಂತಿತು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನಾನು ಆಡಳಿತದವರಿಗೆ ಬರೆದು ಕಳಿಸ್ತೀನಿ," ಅಂದೆ. "ಬುಲೆಟಿನ್ನಲ್ಲೂ ಹಾಕ್ತೀನಿ. ಪೂರ್ತಿ."

"ಬರೀರಿ. ಅದು ಆಮೇಲೆ. ಸಿಸ್ಟರ್ ಕೆಳಗೆ ಬಟ್ಟೆ ರೂಮಲ್ಲಿದ್ದಾರೆ, ಲೈನ್ ಕೊಡ್ತೀನಿ. ಅವರಿಗೆ ನೀವೇ ಹೇಳಿ ಸರ್."

ಬೇಡ ಎಂಬ ಮಾತು ಬಾಯಿಗೆ ಬಂತು. ಆಗಲೇ ಫೋನಿನ ಗಂಟೆ ಬಡಿಯುತ್ತಿತ್ತು. ಬಹಳ ಹೊತ್ತು ಬಡಿಯಿತು. ಆ ಕಡೆ ಯಾವುದೋ ಯಂತ್ರ ಗರಗರ ತಿರುಗುವ ಸದ್ದು, ಅದರ ನಡುವೆ ಯಾರು ಎಂದು ಸಿಸ್ಟರ್ ಕೇಳಿದರು. ನಾನು ಯಾರೆಂದು ಹೇಳಿದೆ.

"ಅಯ್ಯೋ, ಡಾಕ್ಟ್ರೇ!" ಅವರ ದನಿ ಅರಳಿತು. "ನಾನೇ ಕೇಳ್ಬೇಕು ಅಂತಿದ್ದೆ. ನನ್ನಿಂದ ನಿಮಗೆ ಎಷ್ಟು ತೊಂದರೆ ಆಗ್ಹೋಯ್ತು. ಕಾಲು ಹೇಗಿದೆ ಈಗ? ನಡೀತಿದ್ದೀರಾ?"

ಚೆನ್ನಾಗಿ ನಡೆಯುತ್ತಿದ್ದೇನೆ ಎಂದೆ. ಯಂತ್ರದ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ, ಒಂದು ನಿಮಿಷ ಇರಿ ಎಂದು ಹೋಗಿ ಅದನ್ನು ನಿಲ್ಲಿಸಿ ಬಂದರು.

"ಈಗ ಹೇಳಿ," ಅಂದರು.